ದುರುಗಮ್ಮನ ದನಿ ನಾರ್ಮಲ್ ಇತ್ತು

ಕೆಂಗುಡ್ಡ ಕಾರ್ಖಾನೆಯ ಬೆಲ್ಟ್ ಸುರಂಗದಲ್ಲಿ ದುರುಗಮ್ಮನ ಕೋಟಿನ ತೋಳು ರೋಲರಿಗೆ ಸಿಕ್ಕಿತು. ಆಕೆ "ಬರ್ರೇ, ಬರ್ರೇ" ಎಂದು ಕೂಗಿದಳು. ಆ ಕೂಗನ್ನು ಕಿವಿಯಲ್ಲಿ ಕೂತ ಯಂತ್ರ ಮಾತಿನ ಮಟ್ಟಕ್ಕೆ ಇಳಿಸಿ ಸುರಂಗದಲ್ಲಿದ್ದ ಉಳಿದ ಹೆಂಗಸರ ಕಿವಿಗೆ ತಲುಪಿಸಿತು. ತಂಗಿ ಚಾ ಕುಡಿಯಲು ಕರೆಯುತ್ತಿದ್ದಾಳೆ ಎಂದುಕೊಂಡ ಅಕ್ಕ ತಾಯಮ್ಮ, ಉದುರಿದ ಅದಿರನ್ನು ಸಲಿಕೆಯಿಂದ ಎತ್ತುತ್ತಲೇ, "ಬಂದೆ, ತಡಿಯಬೇ" ಎಂದಳು. ದುರುಗಮ್ಮ ಸತ್ತಳು. ಪಾಳಿ ಮುಗಿಯುವವರೆಗೆ ಬೆಲ್ಟು ಓಡಿತು.

ಆ ಕಿವಿಯಂತ್ರ ಬರುವ ಮೊದಲು ಕೆಂಗುಡ್ಡದಲ್ಲಿ ಕಿವಿ ಕೇಳುವ ಮುದುಕರೇ ಇರಲಿಲ್ಲ. ಅದಿರು ಪುಡಿ ಮಾಡುವ ಗಿರಣಿ, ಉಂಡೆ ಕಟ್ಟುವ ಡ್ರಮ್ಮು, ಕುಲುಮೆಗೆ ಗಾಳಿ ಊದುವ ಯಂತ್ರ, ಇವುಗಳ ನಡುವೆ ದುಡಿದವನಿಗೆ ನಡುವಯಸ್ಸಿನಲ್ಲೇ ಹೆಂಡತಿ ಬೈದದ್ದು ಕೇಳಿಸುತ್ತಿರಲಿಲ್ಲ. ಜನ ಅದನ್ನೇ ತಮಾಷೆ ಮಾಡಿಕೊಂಡು ಬಹಳ ಕಾಲ ಬದುಕಿದರು. ಆಮೇಲೆ ತಮಾಷೆ ಸಾಕಾಯಿತು. ಯೂನಿಯನ್ನಿನವರು ಕಿವಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಗೇಟಿನ ಮುಂದೆ ಕೂತರು, ಲಾಠಿ ತಿಂದರು, ಏಳಲಿಲ್ಲ. ನಮ್ಮ ಕಿವಿ ಉಳಿಸಿ ಎಂಬುದೊಂದೇ ಬೇಡಿಕೆ.

ಕಂಪನಿ ಉಳಿಸಿತು. ಕಡಲೆಕಾಳಿನಷ್ಟು ದಪ್ಪದ, ಕಿವಿಯ ತೂತಿನಲ್ಲಿ ಕೂರುವ ಒಂದು ವಸ್ತುವನ್ನು ಪ್ರತಿಯೊಬ್ಬರಿಗೂ ಜೋಡಿಜೋಡಿಯಾಗಿ ಕೊಟ್ಟಿತು. ಕಾಗದದಲ್ಲಿ ಅದರ ಹೆಸರು ಸಮಶ್ರವಣ ಸಾಧನ. ಜನ ಕಾಳು ಅಂದರು. ಹೊರಗಿನ ಸದ್ದನ್ನು ಅದು ಪೂರ್ತಿ ತಡೆಯುತ್ತದೆ. ತಡೆದದ್ದನ್ನು ತನ್ನ ಪುಟ್ಟ ಮೈಕಿನಿಂದ ತಾನು ಕೇಳಿಸಿಕೊಂಡು, ಒಂದೊಂದು ದನಿಯನ್ನೂ ಬಿಡಿಸಿ, ಅಳೆದು, ಗೊತ್ತುಮಾಡಿದ ಒಂದೇ ಮಟ್ಟಕ್ಕೆ ತಂದು ಕಿವಿಯೊಳಕ್ಕೆ ಬಿಡುತ್ತದೆ. ಜೋರಿದ್ದದ್ದು ಇಳಿಯುತ್ತದೆ, ಸಣ್ಣದಿದ್ದದ್ದು ಏರುತ್ತದೆ. ಕಿರುಚಿದ ಗಂಟಲಿನ ಮೊನಚನ್ನೂ ಉಜ್ಜಿ ನುಣುಪು ಮಾಡುತ್ತದೆ. ಹಾಡು ರೆಕಾರ್ಡ್ ಮಾಡುವವರು ಕಂಪ್ಯೂಟರಿನಲ್ಲಿ ಬಹಳ ಹಿಂದಿನಿಂದ ಮಾಡಿಕೊಂಡು ಬಂದ ಕೆಲಸವೇ ಇದು. ಒಂದು ಹಾಡು ಜೋರಾಗಿ ಇನ್ನೊಂದು ಮೆತ್ತಗಿದ್ದರೆ ಕೇಳುವವನು ಪದೇ ಪದೇ ಗುಂಡಿ ತಿರುಗಿಸಬೇಕು, ಆ ತೊಂದರೆ ಯಾಕೆಂದು ಎಲ್ಲವನ್ನೂ ಒಂದು ಮಟ್ಟಕ್ಕೆ ತರುತ್ತಿದ್ದರು. ನಾರ್ಮಲೈಜ್ ಮಾಡುವುದು ಎನ್ನುತ್ತಿದ್ದರು ಅದಕ್ಕೆ. ಹಾಡಿಗೆ ಮಾಡಿದ್ದನ್ನು ಇಲ್ಲಿ ಮನುಷ್ಯರಿಗೆ ಮಾಡಿದರು.

ಮೊದಲ ತಿಂಗಳು ಊರಿಗೆ ಹಬ್ಬ. ಗಿರಣಿಯ ಪಕ್ಕದಲ್ಲೇ ನಿಂತು ಪಿಸುಗುಟ್ಟಿದರೂ ಕೇಳುತ್ತಿತ್ತು. ಗಂಡಸರು ಕೆಲಸದ ನಡುವೆ ಗುಟ್ಟು ಮಾತಾಡಿ ನಕ್ಕರು. ಆಮೇಲೆ ಹಾಜರಿಯನ್ನೂ ಕಾಳಿಗೇ ಜೋಡಿಸಿದರು. ಪಾಳಿಯ ಕರೆ ಯಾವಾಗ ಬೇಕಾದರೂ ಬರಬಹುದು, ಆದ್ದರಿಂದ ಕ್ವಾರ್ಟರ್ಸಿನಲ್ಲೂ ತೆಗೆಯಬಾರದು. ತೆಗೆದರೆ ಗೈರುಹಾಜರಿ. ಗೈರಾದವರಿಗೆ ಗೇಟೂ ಇಲ್ಲ, ಮನೆಯೂ ಇಲ್ಲ. ತಿಂಗಳಿಗೊಮ್ಮೆ ಕಿವಿ ತೊಳೆಯಲು ಡಿಸ್ಪೆನ್ಸರಿಯಲ್ಲಿ ಒಂದು ಕೋಣೆ ಮಾಡಿದ್ದರು. ಅದರ ಗೋಡೆಗೆಲ್ಲ ಹತ್ತಿಯ ಮೆತ್ತೆ. ಅಲ್ಲಿ ನರ್ಸು ಮಾತಾಡುವಂತಿಲ್ಲ. ಕಾಳು ತೆಗೆದ ಕಿವಿಗೆ ಆ ಕೋಣೆಯಲ್ಲಿ ಕೇಳಿಸುತ್ತಿದ್ದದ್ದು ತನ್ನದೇ ರಕ್ತ ಹರಿಯುವ ಗುಂಯ್‌ಗುಡುವಿಕೆ ಮಾತ್ರ.

ಮರುವರ್ಷ ಕ್ಯಾಂಟೀನಿನ ಹುಳು ಬಿದ್ದ ಅನ್ನದ ವಿಚಾರಕ್ಕೆ ಯೂನಿಯನ್ನಿನವರು ಮತ್ತೆ ಗೇಟಿನ ಮುಂದೆ ಕೂತು ಘೋಷಣೆ ಕೂಗಿದರು. ಸಾವಿರ ಗಂಟಲು. ಆಫೀಸಿನೊಳಗೆ ಕೂತವರಿಗೆ ಯಾರೋ ಒಬ್ಬ ಬಾಗಿಲಲ್ಲಿ ನಿಂತು ಏನೋ ವಿಚಾರಿಸಿದ ಹಾಗೆ ಕೇಳಿಸಿತು. ಕೂಗಿದವರಿಗೂ ಅಷ್ಟೇ. ಪಕ್ಕದವನ ದನಿ ಬಂದು ಎದೆಗೆ ಗುದ್ದದಿದ್ದರೆ ಮನುಷ್ಯ ಎಷ್ಟು ಹೊತ್ತು ಕೂಗಿಯಾನು? ಬಿಸಿಲು ಏರುವ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋದರು. ಸಮಾನತೆ ಕೇಳಿದವರಿಗೆ ಸಮಾನ ಸದ್ದು ಸಿಕ್ಕಿತ್ತು.

*

ಹೊನ್ನೂರಬಿ ಕೆಲಸ ಮಾಡುತ್ತಿದ್ದದ್ದು ಮಟ್ಟದ ಕೋಣೆಯಲ್ಲಿ. ಊರಿನ ಕಾಳುಗಳೆಲ್ಲ ಸರಿಯಾಗಿ ಏರಿಸುತ್ತಿವೆಯೇ ಇಳಿಸುತ್ತಿವೆಯೇ ಎಂದು ಪರದೆಯ ಮೇಲೆ ನೋಡುತ್ತ ಕೂರುವುದು ಆಕೆಯ ಕೆಲಸ. ನೋಡುತ್ತ, ಕೇಳುತ್ತ ಅಲ್ಲ. ಆಕೆಯ ಕಿವಿಯಲ್ಲೂ ಕಾಳೇ ಇತ್ತಲ್ಲ. ದನಿಗಳು ಪರದೆಯಲ್ಲಿ ಅಲೆಗಳಾಗಿ ಬರುತ್ತಿದ್ದವು. ನಾಲ್ಕು ವರ್ಷದಲ್ಲಿ ಆಕೆಗೆ ಅಲೆಯ ಆಕಾರ ನೋಡಿಯೇ ಇದು ಕೆಮ್ಮು, ಇದು ಜಗಳ, ಇದು ಮಗು ಹಟ ಮಾಡಿದ್ದು ಎಂದು ತಿಳಿಯುತ್ತಿತ್ತು.

ದುರುಗಮ್ಮ ಸತ್ತ ಮಾರನೆಯ ದಿನ ಆಕೆ ಸುರಂಗದ ಫೈಲು ತೆರೆದಳು. ಯಂತ್ರ ಪ್ರತಿಯೊಂದನ್ನೂ ಎರಡು ಪ್ರತಿ ಇಡುತ್ತದೆ: ಮೈಕಿಗೆ ಬಂದ ಹಾಗೆ ಒಂದು, ಮಟ್ಟ ಮಾಡಿದ ಮೇಲೆ ಇನ್ನೊಂದು. ಮಟ್ಟ ಮಾಡಿದ್ದರಲ್ಲಿ ಹೆಂಗಸರ ಮಾತು, ಬೆಲ್ಟಿನ ಓಟ, ದುರುಗಮ್ಮನ ದನಿ ಎಲ್ಲ ಒಂದೇ ಎತ್ತರದಲ್ಲಿ ಸಾಲಾಗಿ ನಿಂತಿದ್ದವು. ಹಸಿ ಪ್ರತಿಯನ್ನು ತೆರೆದವಳು ಕುರ್ಚಿಯಿಂದ ಅರ್ಧ ಎದ್ದಳು. ಉಳಿದದ್ದೆಲ್ಲ, ಬೆಲ್ಟಿನ ಗದ್ದಲ ಕೂಡ, ನೆಲಕ್ಕೆ ಅಂಟಿದ ಹುಲ್ಲಿನಷ್ಟಿತ್ತು. ನಡುವೆ ಒಂದೇ ಒಂದು ಗುಡ್ಡ ಎದ್ದಿತ್ತು. ಅದಕ್ಕೆ ತುದಿ ಇರಲಿಲ್ಲ. ಮೈಕು ಹಿಡಿಯಬಲ್ಲ ಎತ್ತರವನ್ನೂ ಮೀರಿ ದನಿ ಏರಿದಾಗ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ, ಚಪ್ಪಟೆಯಾಗುತ್ತದೆ. ಕಿಟಕಿಯ ಆಚೆ, ಅದಿರಿಗಾಗಿ ನೆತ್ತಿ ಕಡಿಸಿಕೊಂಡ ಕೆಂಪು ಗುಡ್ಡಗಳು ಹಾಗೇ ನಿಂತಿದ್ದವು.

"ಹೊನ್ನೂರಬಿ ಅವರೇ, ವಿಚಾರಣೆಗೆ ಫೈಲ್ ರೆಡಿ ಆಯ್ತಾ?"

ಸುರಕ್ಷತಾ ಅಧಿಕಾರಿ ಸುಧೀಂದ್ರ ಸರ್ ಯಾವಾಗ ಒಳಗೆ ಬಂದಿದ್ದರೋ ಗೊತ್ತಾಗಲಿಲ್ಲ. ಕಾಳು ಎರಡೂ ಕಿವಿಗೆ ಒಂದೇ ಸಮ ತುಂಬುವುದರಿಂದ ದನಿಗೆ ಎಡಬಲ ಇರುವುದಿಲ್ಲ, ಹಿಂದುಮುಂದು ಇರುವುದಿಲ್ಲ. ಆಕೆ ಕುರ್ಚಿ ಸುತ್ತಿ ಹುಡುಕಿದಳು. ಆತ ಬೆನ್ನ ಹಿಂದೆಯೇ ನಿಂತಿದ್ದರು.

"ಎರಡು ಅದಾವ ಸರ್. ಯಾವುದು ಕೊಡ್ಲಿ?"

"ಯಾವುದು ಅಂದ್ರೆ? ನಾರ್ಮಲ್ ಮಾಡಿರೋದು. ಹೊರಗೆ ಹೋಗೋ ಫೈಲೆಲ್ಲ ನಾರ್ಮಲ್ ಮಾಡಿಯೇ ಹೋಗಬೇಕಲ್ಲ. ಯಂತ್ರದ ವರದಿ ನೋಡಿದೀನಿ. ದನಿ: ನಾರ್ಮಲ್ ಅಂತ ಸ್ಪಷ್ಟವಾಗಿದೆ." ಕೈಯಲ್ಲಿದ್ದ ಹಾಳೆ ಓದಿದರು. "ಮೃತಳು ಸಹಾಯಕ್ಕಾಗಿ ಕೂಗಿರುವುದಿಲ್ಲ. ಆಕೆಯ ದನಿ ನಾರ್ಮಲ್ ಇತ್ತು. ಇಷ್ಟೇ ನಮ್ಮ ಹೇಳಿಕೆ."

ಹೊನ್ನೂರಬಿಗೆ ನಗು ಬಂದಂತಾಯಿತು, ಬರಲಿಲ್ಲ.

"ಸರ್, ಅದು ಫೈಲು ನಾರ್ಮಲ್ ಮಾಡೀವಿ ಅಂತ ಯಂತ್ರ ಹೊಡಿಯೋ ಮುದ್ರಿ. ಆಕಿ ನಾರ್ಮಲ್ ಆಗಿ ಮಾತಾಡಿದ್ಲು ಅಂತಲ್ಲ."

"ಪದ ಒಂದೇ ತಾನೆ?"

"ಪದ ಒಂದ ಸರ್. ಆದ್ರ..."

"ನೋಡಿ ಅಮ್ಮ. ಕೂಗಿದ್ದು ಕಾಳಿನಿಂದ ಕೇಳಿಸಲಿಲ್ಲ ಅಂತ ಖಾತ್ರಿಯಾದ್ರೆ ಸುರಂಗದಲ್ಲಿ ಯಾರೂ ಕಾಳು ಹಾಕೋ ಹಾಗಿಲ್ಲ, ಕಾಯ್ದೆ ಹಾಗಿದೆ. ಕಾಳಿಲ್ಲದೆ ಆ ಬೆಲ್ಟಿನ ಹತ್ರ ಯಾರು ಕೆಲಸ ಮಾಡ್ತಾರೆ? ಎಲ್ಲಾ ಕಿವುಡರಾಗ್ತಾರೆ. ನಿಮ್ಮ ಜನರ ಕಿವಿಗೋಸ್ಕರವೇ ನಾನು ಹೇಳ್ತಿರೋದು." ದನಿ ಮೆದುವಾಗಿ, ಸಾವಧಾನವಾಗಿ ಕಿವಿಯೊಳಕ್ಕೆ ಬಂತು. ಆತನ ದನಿ ಯಾವಾಗಲೂ ಹಾಗೇ ಬರುತ್ತಿತ್ತು.

ಎಳೆದರೆ ಬೆಲ್ಟು ನಿಲ್ಲುವಂಥ ಒಂದು ಹಗ್ಗ ಕಟ್ಟಿಸಬಹುದಲ್ಲ ಎಂದು ಆಕೆ ಕೇಳಲಿಲ್ಲ. ಆ ಮಾತನ್ನು ದುರುಗಮ್ಮನೇ ಬದುಕಿದ್ದಾಗ ಕೇಳಿದ್ದಳು.

*

ಸಾವಿನ ಮನೆಯಲ್ಲಿ ಯಾರಿಗೂ ಅಳಲು ಬರುತ್ತಿರಲಿಲ್ಲ.

ಕಾಳು ಬರುವುದಕ್ಕೆ ಮುಂಚೆ ಆ ಕೇರಿಯಲ್ಲಿ ಸಾವಾದರೆ ಹೆಂಗಸರು ಸತ್ತವರ ಗುಣ ಹೇಳಿ ಹಾಡ್ಯಾಡಿ ಅಳುತ್ತಿದ್ದರು. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು ಅದರ ಮೇಲೆ ಹತ್ತುತ್ತಿದ್ದಳು, ಮನೆಯ ತಗಡು ನಡುಗುತ್ತಿತ್ತು. ಈಗ ದುರುಗಮ್ಮನ ಸೋದರತ್ತೆ ಗಾಳೆಮ್ಮ ಎದೆ ಬಡಿದುಕೊಂಡು ಶುರು ಮಾಡಿದಳು. ಬಾಯಿ ಅಗಲವಾಗಿ ತೆರೆದಿತ್ತು, ಕೊರಳ ನರ ಉಬ್ಬಿದ್ದವು. ಕೇಳಿಸಿದ್ದು ಮಾತ್ರ ಬಸ್ಸಿನಲ್ಲಿ ಪಕ್ಕದವಳ ಜೊತೆ ಸೊಪ್ಪಿನ ವಿಚಾರ ಮಾತಾಡಿದಂತೆ. ಗಾಳೆಮ್ಮ ನಡುವೆಯೇ ನಿಲ್ಲಿಸಿ ಸುತ್ತ ನೋಡಿದಳು.

"ನನ್ನ ಅಳು ನನಗ ಅಡಗಿ ಮಾತಿನಂಗ ಕೇಳ್ತೈತಲ್ಲೇ. ಇದೇನ್ ಅಳೋದು? ನಾಚಿಕಿ ಬರ್ತೈತಿ."

"ದುರುಗಿ ಇದ್ದಿದ್ರ ನಕ್ಕೊಂತ ಬಿದ್ದಿರ್ತಿದ್ಲು," ಎಂದಳು ಒಬ್ಬಳು. "ನಮ್ಮತ್ತೀದು ಬ್ಯಾಟ್ರಿ ಹೋಗೈತಿ ಅಂತಿದ್ಲು."

ಯಾರೋ ನಕ್ಕರು. ಆ ನಗುವೂ ಅಳುವಿನಷ್ಟೇ ಎತ್ತರದಲ್ಲಿ ಬಂತು. ಎಲ್ಲರೂ ತಲೆ ತಗ್ಗಿಸಿದರು.

ದುರುಗಮ್ಮನನ್ನು ಮೊದಲು ಮೈಕ್ ದುರುಗಿ ಅನ್ನುತ್ತಿದ್ದರು. ನೀರಿನ ಟ್ಯಾಂಕಿನ ಹತ್ತಿರ ನಿಂತು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿರುವ ಗಂಡ ಬೀಡಿ ಎಸೆಯುತ್ತಿದ್ದನಂತೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಕಾಳು ಹಾಕಿದ ಮೇಲೆ ಆಕೆಯ ದನಿಯೂ ಎಲ್ಲರ ದನಿಯಾಯಿತು. "ನನ್ನ ಆಸ್ತಿ ಕಿತ್ಕೊಂಡ್ರಲ್ಲೇ" ಎಂದು ಮೊದಮೊದಲು ಬೈಯುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಮೂಲೆಯಲ್ಲಿ ಗೋಡೆಗೆ ಒರಗಿ ತಾಯಮ್ಮ ಕೂತಿದ್ದಳು. ಹೊನ್ನೂರಬಿ ಪಕ್ಕದಲ್ಲಿ ಕೂತು ಮೊದಲು ಮೊಣಕೈ ಮುಟ್ಟಿದಳು. ಕೆಂಗುಡ್ಡದಲ್ಲಿ ಈಗ ಮಾತಾಡುವ ಮೊದಲು ಮುಟ್ಟುತ್ತಾರೆ, ಇಲ್ಲದಿದ್ದರೆ ಯಾರು ಯಾರಿಗೆ ಹೇಳಿದ್ದೆಂದು ತಿಳಿಯುವುದಿಲ್ಲ.

"ತಾಯಕ್ಕ."

"ಹೊನ್ನೂ, ನೀನು ಮಟ್ಟದ ಕ್ವಾಣ್ಯಾಗ ಇರಾಕಿ. ನಿನಗ ಗೊತ್ತಿರ್ತೈತಿ. ಆಕಿ ಕೂಗಿದ್ಲಾ?"

ಹೊನ್ನೂರಬಿ ಮೊಣಕೈ ಮೇಲಿನ ಕೈ ತೆಗೆದಳು.

"ಅಷ್ಟ ಹೇಳು ನನಗ. ಸಾಹೇಬ್ರು ಬಂದು, ನಿನ್ನ ತಂಗಿ ಕೂಗಲಿಲ್ಲ, ನೀನ ಕೇಳೀಯಲ್ಲ, ಮಾಮೂಲಿ ಕರೆದ್ಲು ಅಂತ ನೀನ ಹೇಳಬೇಕು ಅಂತಾರ. ನಾನು ಕೇಳಿದ್ದು ಹೌದು, ಮಾಮೂಲೀನ ಇತ್ತು. ಚಾಕ್ಕ ಕರದಂಗ. ತಡಿಯಬೇ ಅಂದೆ ನಾನು." ಆಕೆ ಬೆರಳಿನಿಂದ ನೆಲ ಕೆರೆಯುತ್ತಿದ್ದಳು. "ಆಕಿ ಖರೇನ ಮಾಮೂಲಿ ಕರದಿದ್ರ, ಸಾಯೋ ಮುಂದನೂ ಅಕ್ಕ ಬರ್ತಾಳ ಬಿಡು ಅಂತ ಆರಾಮ ಇದ್ಲು ಅಂತ ತಿಳ್ಕಂತೀನಿ. ಕೂಗಿದ್ರ... ಕೂಗಿದ್ರ ಅದನ್ನ ನಾನು ಕೇಳಬೇಕು. ಸೋಮವಾರದಿಂದ ನನ್ನನ್ನ ಆಕಿ ಜಾಗದಾಗ ಹಾಕ್ಯಾರ. ಅದ ರೋಲರಿನ ಹತ್ರ."

"ವಿಚಾರಣಿ ಮುಗದ ಮ್ಯಾಲ ಅಲ್ಲೇನು?"

"ವಿಚಾರಣಿ ಶನಿವಾರ. ಸೋಮವಾರ ಬೆಲ್ಟು ಚಾಲೂ. ಕಾಳು ಹಾಕ್ಕೊಂಡ ಹೋಗಬೇಕು. ನಾನು ಕೂಗಿದ್ರ ಯಾರಿಗೆ ಕೇಳ್ಬೇಕವ್ವ?"

ಕೂಗಿದ್ದಳು ತಾಯಕ್ಕ, ಎಂದು ಹೊನ್ನೂರಬಿ ಹೇಳಬಹುದಿತ್ತು. ಹೇಳಿದರೂ ಅದು ಸೊಪ್ಪಿನ ವಿಚಾರದಷ್ಟೇ ಎತ್ತರದಲ್ಲಿ ಹೋಗಿ ಬೀಳುತ್ತಿತ್ತು. ಅದಕ್ಕೇ, "ಶನಿವಾರ ಕೇಳಸ್ತೀನಿ" ಎಂದಳು.

*

ಅವತ್ತು ಸಂಜೆ ಮನೆಯಲ್ಲಿ ಆಕೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು, ನಲ್ಲಿ ಸೋರುವ ಸದ್ದು, ಬೀದಿಯ ಲಾರಿ, ಮೂರೂ ಒಂದರ ಪಕ್ಕ ಒಂದು, ಅಂಗಡಿಯಲ್ಲಿ ಜೋಡಿಸಿಟ್ಟ ಡಬ್ಬಿಗಳಂತೆ.

"ಹೊನ್ನೂ, ನಾಳಿ ನನಗ ಎರಡನೇ ಪಾಳಿ."

ಗಂಡ ಮೌಲಾಲಿ. ಯಾರ್ಡಿನಲ್ಲಿ ಅದಿರಿನ ಗಾಡಿ ಓಡಿಸುವವನು. ಆಕೆ ತಿರುಗಿ ನೋಡಿದಳು, ಅಡುಗೆಮನೆಯಲ್ಲಿ ಇಲ್ಲ. ನಡುಮನೆಯಲ್ಲೂ ಇಲ್ಲ.

"ಎಲ್ಲದೀರಿ?"

"ಇಲ್ಲೇ, ಅಂಗಳದಾಗ. ಬೂಟ್ ಬಿಚ್ಚಾಕತ್ತೀನಿ."

ಮದುವೆಯಾದ ಹೊಸದರಲ್ಲಿ ಮೌಲಾಲಿಗೆ ಒಂದು ಅಭ್ಯಾಸವಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಏನಾದರೂ ಹೇಳಬೇಕಾದರೆ ಹತ್ತಿರ ಬಂದು ಕಿವಿಯ ಬುಡದಲ್ಲಿ ಹೇಳುವುದು. ಉಪ್ಪು ಜಾಸ್ತಿಯಾಗೈತಿ ಎಂಬುದನ್ನೂ ಹಾಗೇ ಹೇಳುತ್ತಿದ್ದ, ಆಕೆಗೆ ಕಚಗುಳಿಯಾಗಿ ಸೌಟಿನಲ್ಲಿ ಹೊಡೆಯುತ್ತಿದ್ದಳು. ಕಾಳು ಬಂದ ಮೇಲೂ ಕೆಲವು ದಿನ ಹಾಗೆ ಮಾಡಿದ. ಹತ್ತಿರ ಬಂದರೂ ದನಿ ಹತ್ತಿರ ಬರುತ್ತಿರಲಿಲ್ಲ. ಗೇಟಿನ ಅನೌನ್ಸ್‌ಮೆಂಟು ಬರುವ ದೂರದಿಂದಲೇ ಆತನ ಪ್ರೀತಿಯೂ ಬರುತ್ತಿತ್ತು. ನಿಧಾನವಾಗಿ, ಜಗಳವಿಲ್ಲದೆ, ಆತ ಹತ್ತಿರ ಬರುವುದನ್ನು ಬಿಟ್ಟ. ಯಾಕೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ಆಕೆ ಹೇಳಿದಳು. "ಹಸಿ ಫೈಲು ವಿಚಾರಣಿಗೆ ಒಯ್ತೀನಿ."

ಮೌಲಾಲಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಕೆಲಸ ಹೋಗ್ತೈತಿ."

"ಹೋಗಬಹುದು."

"ಮನಿ ಹೋಗ್ತೈತಿ."

"ಹೂಂ."

"ಬ್ಯಾಡ ಅನ್ನಂಗಿಲ್ಲ ನಾನು," ಎಂದ. "ಸಿಟ್ಟಿನಿಂದ ಹೇಳಾಕತ್ತೀಯೋ ಹೆದರಿ ಹೇಳಾಕತ್ತೀಯೋ ನನಗ ತಿಳಿವಲ್ದು. ಮೊದಲಾದ್ರ ದನಿ ಕೇಳಿ ಹೇಳ್ತಿದ್ದೆ."

"ನನಗೂ ತಿಳಿವಲ್ದು," ಎಂದಳು ಹೊನ್ನೂರಬಿ.

ಆತ ಎಡಗೈ ಚಾಚಿ ಆಕೆಯ ಮುಂಗೈ ಮೇಲೆ ಇಟ್ಟ. ಊಟ ಮುಗಿಯುವವರೆಗೆ ತೆಗೆಯಲಿಲ್ಲ.

*

ವಿಚಾರಣೆ ಇಟ್ಟಿದ್ದು ಹಳೆಯ ಯೂನಿಯನ್ ಹಾಲಿನಲ್ಲಿ. ಯೂನಿಯನ್ ಹೋದ ಮೇಲೆ ಅದನ್ನು ತರಬೇತಿ ಕೇಂದ್ರ ಅನ್ನುತ್ತಿದ್ದರು. ಜಿಲ್ಲೆಯಿಂದ ಬಂದ ವಿಚಾರಣಾಧಿಕಾರಿ ಮಾಲಗಿತ್ತಿಯವರಿಗೆ ಗೇಟಿನಲ್ಲೇ ಅತಿಥಿಗಳ ಕಾಳು ಹಾಕಿಸಿ ಕಳಿಸಿದ್ದರು. ಅವರು ಕಿವಿಯನ್ನು ಪದೇ ಪದೇ ಮುಟ್ಟಿಕೊಳ್ಳುತ್ತ, "ಭಾಳ ಶಾಂತ ಅದ ನೋಡ್ರಿ ಇಲ್ಲಿ. ನಮ್ಮ ಆಫೀಸಿಗೂ ಒಂದು ಡಬ್ಬಿ ಕಳಸ್ರಿ" ಎಂದು ಸುಧೀಂದ್ರ ಅವರಿಗೆ ಹೇಳುತ್ತಿದ್ದರು. ಸುರಂಗದ ಹೆಂಗಸರು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ತಾಯಮ್ಮ ಮುಂದೆ, ಒಬ್ಬಳೇ.

ಮೊದಲು ನಾರ್ಮಲ್ ಮುದ್ರೆ ಬಿದ್ದ ಫೈಲು ಹಾಕಿದರು. ಬರ್ರೇ, ಬರ್ರೇ. ಅದರ ಹಿಂದೆಯೇ ತಾಯಮ್ಮನ ದನಿ: ಬಂದೆ, ತಡಿಯಬೇ. ಮಾಲಗಿತ್ತಿ ತಲೆಯಾಡಿಸಿ ಬರೆದುಕೊಂಡರು. "ದನಿ ನಾರ್ಮಲ್ ಅದ. ಗಾಬರಿ ಏನಿಲ್ಲ."

"ಸಾಹೇಬ್ರ," ಹೊನ್ನೂರಬಿ ಎದ್ದು ನಿಂತಳು. "ಅದು ಮಟ್ಟ ಮಾಡಿದ್ದು. ಮೈಕಿಗೆ ಬಂದ ಹಂಗ ಇರೋ ಹಸಿ ಫೈಲು ನನ್ನ ಹತ್ರ ಐತಿ. ಅದನ್ನ ಕೇಳ್ರಿ."

ಸುಧೀಂದ್ರ ಏಳುವ ಮೊದಲೇ ಅಧಿಕಾರಿ ಕೈಯೆತ್ತಿದರು. "ಇರ್ಲಿ, ಕೇಳೋಣ. ಕೇಳಾಕ ಏನು ತಪ್ಪು?"

ಹಾಲಿನ ಮೂಲೆಯಲ್ಲಿ ಯೂನಿಯನ್ ಕಾಲದ ಮರದ ಸ್ಪೀಕರ್ ಪೆಟ್ಟಿಗೆ ಧೂಳು ತಿನ್ನುತ್ತಿತ್ತು. ಕಂಪನಿಯ ತಂತಿಯಲ್ಲಿ ಹೋದದ್ದೆಲ್ಲ ಮಟ್ಟವಾಗಿಯೇ ಹೋಗುತ್ತದೆಂದು ಹೊನ್ನೂರಬಿ ಅದನ್ನು ಮೊದಲೇ ಒರೆಸಿ ಜೋಡಿಸಿದ್ದಳು. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಫೈಲು ಬಿಟ್ಟಳು.

ಬರ್ರೇ, ಬರ್ರೇ.

ಚಾಕ್ಕ ಕರೆದಂಗೆ.

ಆಕೆ ಪೆಟ್ಟಿಗೆಯನ್ನು ನೋಡಿದಳು, ತಂತಿಯನ್ನು ನೋಡಿದಳು. ಇನ್ನೊಮ್ಮೆ ಬಿಟ್ಟಳು. ಅದೇ. ಆಗ ಹೊಳೆಯಿತು. ಕನ್ನಡಕ ಹಾಕಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುವವರಂತೆ, ಆಕೆ ಕಂಪನಿಯ ತಂತಿಯನ್ನು ತಪ್ಪಿಸಿದ್ದಳು, ಕಿವಿಯನ್ನು ಮರೆತಿದ್ದಳು. ಪೆಟ್ಟಿಗೆಯಿಂದ ಎಂಥ ಕೂಗೇ ಹೊರಬಿದ್ದರೂ ಅದನ್ನು ಕೇಳುವ ಪ್ರತಿ ಕಿವಿಯ ಬಾಗಿಲಲ್ಲೂ ಕಾಳು ಕೂತಿದೆ. ದಿನವಿಡೀ ಅಲೆಗಳನ್ನು ನೋಡಿ ನೋಡಿ, ಕಂಡದ್ದನ್ನೇ ಕೇಳಿದ್ದು ಎಂದು ಅಂದುಕೊಂಡುಬಿಟ್ಟಿದ್ದಳು.

"ಇದೂ ನಾರ್ಮಲ್ ಅದ ಅಲ್ಲವಾ?" ಎಂದರು ಮಾಲಗಿತ್ತಿ.

"ಅಲೆ ನೋಡ್ರಿ ಸಾಹೇಬ್ರ." ಪರದೆಯನ್ನು ಅವರ ಕಡೆ ತಿರುಗಿಸಿದಳು. "ಇದು ನಾವು ಮಾತಾಡೋದು. ಇದು ದುರುಗಮ್ಮಂದು."

"ಗುಡ್ಡದ ಚಿತ್ರ ಇದ್ದಂಗ ಅದಲ್ಲ."

"ಮೈಕ್ ಬಾಯಿಗೆ ಹತ್ತಿರ ಇದ್ದರೂ ಹೀಗೇ ಬರುತ್ತೆ ಸಾರ್," ಎಂದರು ಸುಧೀಂದ್ರ.

"ನಾನು ಕೇಳಿದ್ದು ಬರೀಬೇಕವ್ವ, ನೋಡಿದ್ದಲ್ಲ. ಶ್ರವಣಸಾಕ್ಷಿ ಅಂತ ಕಾಲಮ್ ಇರೋದು."

"ಹಂಗಾದ್ರ ಕಾಳು ತಗದು ಕೇಳ್ರಿ."

ಮಾಲಗಿತ್ತಿಯವರ ಕೈ ಕಿವಿಯವರೆಗೆ ಹೋಗಿ ಸುಧೀಂದ್ರ ಅವರ ಮುಖ ನೋಡಿ ಕೆಳಗಿಳಿಯಿತು. ಕಾರ್ಖಾನೆಯ ಆವರಣದಲ್ಲಿ ಅದು ನಿಯಮಬಾಹಿರ, ನಿಮ್ಮ ಶ್ರವಣಶಕ್ತಿಗೆ ಏನಾದರೂ ಆದರೆ ಜವಾಬ್ದಾರಿ ಯಾರದು ಎಂದು ಸುಧೀಂದ್ರ ವಿನಯದಿಂದ ವಿವರಿಸಿದರು.

ಫೈಲು ತಿರುತಿರುಗಿ ಓಡುತ್ತಲೇ ಇತ್ತು. ತಾಯಮ್ಮ ಎದ್ದಳು. ಯಾರನ್ನೂ ಕೇಳದೆ ಪೆಟ್ಟಿಗೆಯ ಹತ್ತಿರ ಹೋಗಿ, ಸಲಿಕೆ ಹಿಡಿದು ಗಟ್ಟಿಯಾದ ಅಂಗೈಯನ್ನು ಅದರ ಬಾಯಿಗೆ ಒತ್ತಿದಳು. ಸೊಂಟದ ನೋವಿದ್ದವರ ಬೆನ್ನು ಮುಟ್ಟಿ ನೋಡುವಂತೆ. ಬೆಲ್ಟಿನ ಓಟ ಬರುವಾಗ ಕೈ ಸುಮ್ಮನಿತ್ತು. ಬರ್ರೇ ಎಂಬುದು ಬಂತು. ಬೆಂಕಿ ತಾಗಿದವಳಂತೆ ಕೈ ಕಿತ್ತುಕೊಂಡಳು. ಕೈಯನ್ನು ಎದೆಗೆ ಅವುಚಿಕೊಂಡು ನಿಂತಳು. ಮತ್ತೆ ಇಟ್ಟಳು. ಈ ಸಲ ತೆಗೆಯಲಿಲ್ಲ, ತೋಳೆಲ್ಲ ನಡುಗುತ್ತಿದ್ದರೂ.

"ಕೂಗ್ಯಾಳ," ಎಂದಳು. "ಯವ್ವಾ. ಎಷ್ಟು ಕೂಗ್ಯಾಳ."

"ನೀವೂ ಒಮ್ಮೆ ಕೈ ಇಟ್ಟು ನೋಡ್ರಿ ಸಾಹೇಬ್ರ," ಎಂದಳು ಹೊನ್ನೂರಬಿ.

"ಕೈಗೆ ಕಿವಿ ಇಲ್ಲವ್ವ." ಮಾಲಗಿತ್ತಿ ಪೆನ್ನಿನ ಮುಚ್ಚಳ ಹಾಕಿದರು. ಆ ಹೆಂಗಸಿನ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. "ಬಂದ್ ಮಾಡ್ರಿ. ನಾರ್ಮಲ್ ಅಂತ ಬರಕೊಂಡೀನಿ. ಮಟ್ಟದ ಕೋಣೆಯವರು ಒಂದು ಸಹಿ ಹಾಕಿದರ ಮುಗೀತು."

ಹೊನ್ನೂರಬಿ ಎರಡೂ ಕಿವಿಗೆ ಕೈ ಹಾಕಿ ಕಾಳು ತೆಗೆದಳು.

ಮೊದಲು ಆಕೆಗೆ ಯಾರೋ ಹೊಡೆದರು ಅನ್ನಿಸಿತು. ಮೇಜನ್ನು ಹಿಡಿದಳು. ಅದು ಬರ್ರೇ ಎಂಬ ಮಾತೇ ಆಗಿರಲಿಲ್ಲ. ಗಂಟಲು ಹರಿದು, ಮಾತು ಹರಿದು, ಒಂದು ಮೈ ಇಡೀ ಬಾಯಾಗಿ, ಬದುಕಿದ್ದವರನ್ನೆಲ್ಲ ಹೆಸರಿಲ್ಲದೆ ಕರೆಯುತ್ತಿತ್ತು. ಕಿಟಕಿಯ ಗಾಜುಗಳು ಚೌಕಟ್ಟಿನಲ್ಲಿ ಹಲ್ಲು ಕಡಿಯುತ್ತಿದ್ದವು. ಛಾವಣಿಯ ತಗಡಿನಿಂದ ಕೆಂಪು ಧೂಳು ಉದುರಿ ಮಾಲಗಿತ್ತಿಯವರ ಕಾಗದದ ಮೇಲೆ ಬೀಳುತ್ತಿತ್ತು. ಅವರು ಅದನ್ನು ಊದಿ ಊದಿ ಸರಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಒಬ್ಬಳು ಆಕಳಿಸಿದಳು. ಅಷ್ಟು ಜನರ ನಡುವೆ ಆ ಕೂಗು ಕೇಳುತ್ತಿದ್ದದ್ದು ಆಕೆ ಒಬ್ಬಳಿಗೇ. ಸುರಂಗದಲ್ಲಿ ದುರುಗಮ್ಮ ಹೇಗೆ ಒಬ್ಬಳೇ ಇದ್ದಳೆಂದು ಆಕೆಯ ಮೈಗೆ ಆಗ ತಿಳಿಯಿತು.

ಆಮೇಲೆ ಉಳಿದ ಸದ್ದುಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ತಾಯಮ್ಮ ಏನೋ ಹೇಳುತ್ತಿದ್ದಳು, ತುಟಿ ಅಲುಗುತ್ತಿತ್ತು. ಎರಡು ಹೆಜ್ಜೆ ದೂರದಲ್ಲಿದ್ದರೂ ಕೇಳಿಸಲಿಲ್ಲ, ಅಷ್ಟು ಸಣ್ಣ ದನಿ ಆಕೆಯದು. ಸಾಹೇಬರ ಮುಂದೆ ಆಕೆ ಮಾತಾಡಿದ್ದೆಲ್ಲ ಬರೀ ಉಸಿರಿನಲ್ಲಿ. ಇನ್ನೊಂದು ದನಿ ಮಾತ್ರ ಆ ಕೂಗಿನ ಮೇಲೂ ಏರಿ ಬರುತ್ತಿತ್ತು, ಒರಟಾಗಿ, ಉಗುಳು ಸಿಡಿಸುತ್ತ. ಯಾರದೆಂದು ಆಕೆ ತಿರುಗಿ ನೋಡಬೇಕಾಯಿತು.

ಸುಧೀಂದ್ರ ಸರ್.

"ಹಾಕ್ಕೊಳ್ಳಿ ಅಮ್ಮ! ದಯವಿಟ್ಟು ಹಾಕ್ಕೊಳ್ಳಿ!" ಕಿರುಚುತ್ತಿದ್ದರು. ಹಣೆಯ ನರ ಎದ್ದಿತ್ತು, ಮುಖ ಕೆಂಪಾಗಿತ್ತು. ಮಾತಿನಲ್ಲಿದ್ದ ಅಮ್ಮ, ದಯವಿಟ್ಟು ಎಲ್ಲ ಹಾಗೇ ಇದ್ದವು. ದನಿ ದನ ಹೊಡೆಯುವವನದು. ಈವತ್ತು ಮಾತ್ರವೋ, ನಾಲ್ಕು ವರ್ಷದಿಂದ ಈ ಮನುಷ್ಯ ತನ್ನೊಡನೆ ಹೀಗೇ ಮಾತಾಡುತ್ತಿದ್ದನೋ? ಆತನ ಹಸಿ ಅಲೆಯನ್ನು ಆಕೆ ಎಂದೂ ತೆರೆದು ನೋಡಿರಲಿಲ್ಲ. ಮೆದುವಾಗಿ, ಸಾವಧಾನವಾಗಿ ಕಿವಿಯೊಳಕ್ಕೆ ಬರುತ್ತಿದ್ದದ್ದು ಇದೇ ಇರಬೇಕು.

"ಫೈಲ್ ಆಫ್ ಮಾಡಿ! ಕಾಳು ಹಾಕ್ಕೊಳ್ಳಿ! ಸಹಿ ಹಾಕಿ! ನಾರ್ಮಲ್ ಅಂತ ಸಹಿ ಹಾಕಿ ಅಮ್ಮ!"

ಪೆಟ್ಟಿಗೆಯ ಬಾಯಿಗೆ ಕೈಯಿಟ್ಟು ನಿಂತಿದ್ದ ತಾಯಮ್ಮ ಆಕೆಯನ್ನೇ ನೋಡುತ್ತಿದ್ದಳು.

ಹೊನ್ನೂರಬಿ ಕಾಳುಗಳನ್ನು ಮೇಜಿನ ಮೇಲಿಟ್ಟಳು. ಮಾಲಗಿತ್ತಿ ಚಾಚಿದ ಪೆನ್ನನ್ನು ಅವರ ಕಡೆಗೇ ಸರಿಸಿದಳು.

"ಒಲ್ಲೆ," ಎಂದಳು.

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳುವಷ್ಟು ಉಸಿರು ಆಕೆಯಲ್ಲಿ ಉಳಿದಿರಲಿಲ್ಲ, ತುಟಿಯ ಆಚೆ ಬಂದಿತೋ ಇಲ್ಲವೋ ಎಂಬಷ್ಟು ಮೆತ್ತಗೆ ಬಿತ್ತು ಮಾತು. ಆದರೆ ಹಾಲಿನಲ್ಲಿದ್ದ ಪ್ರತಿಯೊಂದು ಕಾಳೂ ಅದನ್ನು ಹಿಡಿದು, ಅಳೆದು, ಏರಿಸಿ, ಸುಧೀಂದ್ರ ಅವರ ಕಿರುಚಾಟದಷ್ಟೇ ಎತ್ತರಕ್ಕೆ ತಂದು ಎಲ್ಲರ ಕಿವಿಯೊಳಗೂ ಇಟ್ಟಿತು.